ಫಿಲ್ಟರ್ ಇದೆಯಲ್ಲ ಅನ್ನುವವರಿಗೆ

ಸಂಜೆ ನಮ್ಮೂರ ಗೂಡಂಗಡಿ ಮುಂದೆ ನಿಂತರೆ ಈ ಮಾತು ಕಿವಿಗೆ ಬೀಳದ ದಿನವಿಲ್ಲ: "ಬೀಡಿ ಬಿಟ್ಟೆ ಮಾರಾಯ. ಈಗ ಫಿಲ್ಟರ್ ಸಿಗರೇಟು. ವಿಷ ಎಲ್ಲ ಹತ್ತಿಯಲ್ಲೇ ನಿಲ್ತದೆ." ಸೇದಿ ಮುಗಿಸಿದ ಮೇಲೆ ಕಂದು ಬಣ್ಣಕ್ಕೆ ತಿರುಗಿದ ತುಂಡನ್ನು ಸಾಕ್ಷಿ ಅಂತ ತೋರಿಸುವವರೂ ಇದ್ದಾರೆ.

ಅದು ಹತ್ತಿಯೇ ಅಲ್ಲ, ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ ನಾರು. ಇನ್ನು ಆ ಬಣ್ಣದ ವಿಷಯ. 1953ರಲ್ಲಿ ಅಮೆರಿಕದ ಆರ್.ಜೆ. ರೆನಾಲ್ಡ್ಸ್ ಸಿಗರೇಟು ಕಂಪನಿಯ ವಿಜ್ಞಾನಿ ಕ್ಲಾಡ್ ಟೀಗ್, ಹೊಗೆ ತಾಗಿದಾಗ ಬಣ್ಣ ಬದಲಾಗುವ ಫಿಲ್ಟರ್ ಮಾಡಬಹುದು ಎಂದು ಬರೆದಿಟ್ಟರು. ಅದರಿಂದ ಸೋಸುವ ಶಕ್ತಿ ಹೆಚ್ಚುವುದಿಲ್ಲ, ಆದರೆ ಮಾರಾಟಕ್ಕೆ ಲಾಭ ಎಂಬುದೂ ಅದರಲ್ಲೇ ಇದೆ. ಅದೇ ಕಾಲದಲ್ಲಿ ಕೆಂಟ್ ಸಿಗರೇಟಿನ ಫಿಲ್ಟರಿಗೆ ಸೇರಿಸಿದ್ದು ಏನು ಗೊತ್ತೇ? ಚಾವಣಿಯ ಶೀಟಿಗೆ ಹಾಕುವ ಕಲ್ನಾರು!

ಈಗಿನ ಮೋಸ ಇನ್ನೂ ನಯವಾದದ್ದು. ಹಲವು ಸಿಗರೇಟುಗಳ ಫಿಲ್ಟರ್ ಸುತ್ತಿದ ಕಾಗದದಲ್ಲಿ ಸಾಲಾಗಿ ಸಣ್ಣ ಸಣ್ಣ ತೂತುಗಳಿರುತ್ತವೆ. ಎಳೆದಾಗ ಅವುಗಳಿಂದ ಗಾಳಿ ನುಗ್ಗಿ ಹೊಗೆ ತೆಳುವಾಗುತ್ತದೆ. ಟಾರ್ ಅಳೆಯುವ ಯಂತ್ರ ನಿಮಿಷಕ್ಕೊಂದು ಸಲ, ಎರಡು ಸೆಕೆಂಡು, 35 ಮಿಲಿಲೀಟರ್ ಮಾತ್ರ ಎಳೆಯುತ್ತದೆ. ತೂತು ತೆರೆದೇ ಇರುತ್ತದೆ, ಅಂಕಿ ಕಡಿಮೆ ಬರುತ್ತದೆ. ಮನುಷ್ಯ ಹಾಗೆ ಸೇದುತ್ತಾನೆಯೇ? ಬೆರಳೋ ತುಟಿಯೋ ಆ ತೂತನ್ನು ಮುಚ್ಚಿರುತ್ತದೆ, ಅವನಿಗೆ ಅದು ಗೊತ್ತೂ ಆಗುವುದಿಲ್ಲ. ಮುಚ್ಚದಿದ್ದರೂ ಅಷ್ಟೇ. ನಿಕೋಟಿನ್ ಸಾಲದ ದೇಹ ಜೋರಾಗಿ ಎಳೆಸುತ್ತದೆ, ಮತ್ತೆ ಮತ್ತೆ ಎಳೆಸುತ್ತದೆ. ಗಂಟಲಿಗೆ ಖಾರ ಹತ್ತದ ಹೊಗೆ ಎದೆಯ ಆಳಕ್ಕೆ ಇಳಿಯುತ್ತದೆ.

ಇದಕ್ಕೆ ಬೆಲೆ ತೆತ್ತವರಿದ್ದಾರೆ. ಶ್ವಾಸಕೋಶದ ಹೊರ ಅಂಚಿನಲ್ಲಿ ಹೆಚ್ಚಾಗಿ ಕಾಣುವ ಅಡಿನೋಕಾರ್ಸಿನೋಮ ಎಂಬ ಕ್ಯಾನ್ಸರ್, ಸಿಗರೇಟಿನ ವಿನ್ಯಾಸ ಬದಲಾದ ಮೇಲೆ ಸೇದುವವರಲ್ಲಿ ಜಾಸ್ತಿಯಾಯಿತು ಎಂದು ಅಮೆರಿಕದ ಸರ್ಜನ್ ಜನರಲ್ ಅವರ 2014ರ ವರದಿ ಹೇಳಿತು. ಈ ತೂತಿನ ಫಿಲ್ಟರ್ ಮೇಲೂ ಅದು ಅನುಮಾನ ಪಟ್ಟಿತು. 'ಲೈಟ್', 'ಲೋ ಟಾರ್' ಎಂಬ ಹೆಸರಿನಲ್ಲಿ ಕಂಪನಿಗಳು ಜನರನ್ನು ದಾರಿ ತಪ್ಪಿಸಿವೆ ಎಂದು 2006ರಲ್ಲೇ ಅಲ್ಲಿನ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ ತೀರ್ಪು ಕೊಟ್ಟಿದ್ದರು.

ಹಾಗಂತ ಬೀಡಿಗೆ ವಾಪಸ್ ಹೋಗಿ ಅಂದೆ ಅಂತ ಯಾರೂ ತಿಳಿಯಬೇಡಿ, ಅದೂ ಕೊಲ್ಲುತ್ತದೆ. ನನ್ನ ಸಿಟ್ಟು ಸೇದುವವರ ಮೇಲೂ ಅಲ್ಲ. ತೂತು ಕೊರೆದು ಧೈರ್ಯ ಮಾರುವವರ ಮೇಲೆ. ಪ್ಯಾಕಿನ 85 ಭಾಗ ಎಚ್ಚರಿಕೆ ಚಿತ್ರ ಹಾಕಿಸುವ ಸರ್ಕಾರ ಈ ತೂತನ್ನೂ ನಿಷೇಧಿಸಲಿ. ಅಲ್ಲಿಯವರೆಗೆ, ಫಿಲ್ಟರ್ ಇದೆಯಲ್ಲ ಅಂದವರ ಕೈಯಿಂದ ಒಂದು ಸಿಗರೇಟು ಇಸಿದುಕೊಂಡು ಆ ಕಾಗದ ಬಿಚ್ಚಿ, ಬೆಳಕಿಗೆ ಹಿಡಿದು ತೋರಿಸಿ.