ಸಾಲಾಗಿ ಎಂಟು ಎಲೆ
ಬಾಗಿಲಿಗೆ ಹಾಕುವ ಕ್ಯಾಮೆರಾ ಅದು. ಡ್ರೈವರ್ ಬರೆದವನು ನಾನು. ಹನ್ನೊಂದು ದಿನ ಚೆನ್ನಾಗಿ ನಡೆದು, ಹನ್ನೆರಡನೆಯ ದಿನ ಚಿತ್ರ ಬರಲೇ ಇಲ್ಲ. ಮೆಮೊರಿ ಬೇಕಾದಷ್ಟು ಖಾಲಿ ಇತ್ತು, ಆದರೆ ಚೂರುಚೂರಾಗಿ.

ಮದುವೆ ಪಂಕ್ತಿಯಲ್ಲಿ ಅಲ್ಲೊಂದು ಇಲ್ಲೊಂದು ಮೂವತ್ತು ಎಲೆ ಖಾಲಿ ಇದ್ದರೂ, ಸಾಲಾಗಿ ಎಂಟು ಬೇಕೆನ್ನುವ ಮನೆಯವರಿಗೆ ಜಾಗವಿಲ್ಲ. ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ 1920x1080 ಚಿತ್ರವೊಂದಕ್ಕೆ ಮೆಮೊರಿಯ 4 ಕೆಬಿ ತುಂಡುಗಳು, ಅಂದರೆ ಪುಟಗಳು, 2,025 ಬೇಕು. ಚದುರಿದ ಪುಟಗಳನ್ನು ಸಾಧನಕ್ಕೆ ಸಾಲಾಗಿ ತೋರಿಸುವ ಐಒಎಂಎಂಯು ಇಲ್ಲದ ಅಗ್ಗದ ಚಿಪ್‌ಗೆ ಅಷ್ಟೂ ಒಂದರ ಪಕ್ಕ ಒಂದಿರಬೇಕು.

ಮೊದಲೆಲ್ಲ ಬೂಟ್ ಆಗುವಾಗಲೇ ಆ ಜಾಗಕ್ಕೆ ಬೇಲಿ ಹಾಕಿಬಿಡುತ್ತಿದ್ದೆವು. ಕ್ಯಾಮೆರಾ ನಿಂತಿದ್ದಾಗ ಅದು ಯಾರಿಗೂ ದಕ್ಕುತ್ತಿರಲಿಲ್ಲ. 2012ರಲ್ಲಿ ಲಿನಕ್ಸ್ 3.5ರೊಂದಿಗೆ ಬಂದ, ಸಾಲಾದ ಮೆಮೊರಿ ಹಂಚುವ ಸಿಎಂಎ ಇದನ್ನು ಬದಲಿಸಿತು. ಮೀಸಲು ಜಾಗದಲ್ಲಿ ಎಬ್ಬಿಸಬಹುದಾದ ಪುಟಗಳು ಕೂರಬಹುದು, ಡ್ರೈವರ್ ಕೇಳಿದಾಗ ಕರ್ನೆಲ್ ಅವನ್ನು ಬೇರೆಡೆ ಸಾಗಿಸುತ್ತದೆ. ಬಡವರ ಕೈಯ ಕಡಿಮೆ ಮೆಮೊರಿಯ ಫೋನಿಗೆ ಇದು ದೊಡ್ಡ ಉಪಕಾರವೆಂದೇ ನಾನು ನಂಬಿದ್ದೇನೆ.

ಆದರೆ ನಡುವೆ ಒಂದೇ ಒಂದು ಪುಟವನ್ನು ಯಾರೋ ಬಿಗಿಹಿಡಿದಿದ್ದರೂ ಆ ಸಾಲು ಕೆಟ್ಟಿತು. ನಮಗಾದದ್ದು ಅದೇ. ಮೆಮೊರಿ ಉಳಿಸಲೆಂದು ಮೀಸಲನ್ನು ಅಳತೆಗೆ ಸರಿಯಾಗಿ ಕತ್ತರಿಸಿದ್ದೆವು, ಬೇರೆ ಸಾಲು ಹುಡುಕಲು ಎಡೆಯೇ ಇರಲಿಲ್ಲ. ಪರೀಕ್ಷಿಸಿದ್ದಾದರೂ ಯಾವಾಗ? ಬೂಟ್ ಆದ ಐದು ನಿಮಿಷಕ್ಕೆ, ಪಂಕ್ತಿ ಪೂರ್ತಿ ಖಾಲಿ ಇದ್ದಾಗ. ಇಂಥ ಯಂತ್ರಗಳನ್ನು ಎರಡು ವಾರ ಎಡೆಬಿಡದೆ ಓಡಿಸಿ, ಮೆಮೊರಿ ತುಂಬಿ ತುಳುಕುವಾಗ ಕ್ಯಾಮೆರಾ ತೆರೆದು ನೋಡದೆ ಮಾರುಕಟ್ಟೆಗೆ ಬಿಡಬಾರದು.