ಜೋ ಎಂಬ ಚೌಕ

ಗಣಕಯಂತ್ರದ ಭಾಷೆಯನ್ನು ಹೊಸದಾಗಿ ಕಲಿಯಹೊರಟವರಿಗೆ ‘ಕ್ಲಾಸ್’, ‘ಆಬ್ಜೆಕ್ಟ್’ ಎಂಬ ಎರಡು ಮಾತುಗಳು ಹೊಸ್ತಿಲಲ್ಲಿಯೇ ಅಡ್ಡಗಟ್ಟುತ್ತವೆ. ಲಕ್ಷಣವಾಕ್ಯ ಬಾಯಿಗೆ ಬರುತ್ತದೆ. ವಿದ್ಯೆ ಮಾತ್ರ ಕೈಗೆ ಬಾರದು. ಇದು ಕಲಿಯುವವನ ಮಂದಬುದ್ಧಿಯ ಫಲವೇ? ಅಮೆರಿಕೆಯಲ್ಲಿ ನಡೆದ ಒಂದು ಪಾಠದ ಕಥೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಈ ವಿಚಾರದ ತವರು ನಾರ್ವೆ ದೇಶ. ಓಸ್ಲೋ ನಗರದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಓಲೆ-ಯೊಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯುಗಾರ್ಡ್ ಎಂಬಿಬ್ಬರು, ಲೋಕವ್ಯವಹಾರವನ್ನು ಯಂತ್ರದೊಳಗೆ ಅನುಕರಿಸಿ ಪರೀಕ್ಷಿಸುವುದಕ್ಕೆಂದು ‘ಸಿಮ್ಯುಲಾ’ ಭಾಷೆಯನ್ನು ಕಟ್ಟಿದರು. 1967ರ ಹೊಸ ಆವೃತ್ತಿಯಲ್ಲಿ ಕ್ಲಾಸ್, ಆಬ್ಜೆಕ್ಟ್‌ಗಳೆರಡೂ ಮೈದಾಳಿದುವು. ಸಿಮ್ಯುಲಾದಿಂದ ಪ್ರೇರಿತರಾದ ಆಲನ್ ಕೇ 1972ರಲ್ಲಿ, ಪಾಲೋ ಆಲ್ಟೋದ ಜೆರಾಕ್ಸ್ ಸಂಶೋಧನ ಕೇಂದ್ರದ ಸಂಗಡಿಗರೊಡನೆ ‘ಸ್ಮಾಲ್‌ಟಾಕ್’ ಭಾಷೆಯನ್ನು ರೂಪಿಸಿದರು. ಮಕ್ಕಳಿಗೂ ಅದು ಎಟುಕಬೇಕೆಂಬುದು ಅವರ ಹಂಬಲ.

ಅವರ ಸಹೋದ್ಯೋಗಿ ಅಡೆಲ್ ಗೋಲ್ಡ್‌ಬರ್ಗ್ ಶಾಲಾಮಕ್ಕಳ ಮುಂದೆ ಲಕ್ಷಣಗಳನ್ನು ಒಪ್ಪಿಸಲಿಲ್ಲ. ಪರದೆಯ ಮೇಲೆ ಒಂದು ಚೌಕವನ್ನು ತೋರಿಸಿದರು. ಅದರ ಹೆಸರು ಜೋ. ತಿರುಗೆಂದರೆ ಜೋ ತಿರುಗುವುದು; ಬೆಳೆಯೆಂದರೆ ಬೆಳೆಯುವುದು. ಅದೇ ಅಚ್ಚಿನಿಂದ ಜಿಲ್ ಎಂಬ ಇನ್ನೊಂದು ಚೌಕವನ್ನೂ ತೆಗೆಯಬಹುದು. ಜೋ ತಿರುಗಿದರೆ ಜಿಲ್ ಅಲುಗದು. ಅಚ್ಚು ಕ್ಲಾಸ್, ಜೋ, ಜಿಲ್ ಎಂಬುವು ಆಬ್ಜೆಕ್ಟ್‌ಗಳು. ತನ್ನ ಅಳತೆಯನ್ನೂ ತಾನು ನಿಂತ ಬಗೆಯನ್ನೂ ಪ್ರತಿಯೊಂದೂ ತನ್ನೊಳಗೇ ಇಟ್ಟುಕೊಂಡಿರುತ್ತದೆ. ಹೊರಗಿನವರು ಒಳಗೆ ಕೈಹಾಕುವಂತಿಲ್ಲ, ಸಂದೇಶ ಕಳುಹಿಸಬೇಕು. ಭಾರತೀಯ ತರ್ಕಶಾಸ್ತ್ರವನ್ನು ಬಲ್ಲವರಿಗೆ ಜಾತಿ-ವ್ಯಕ್ತಿಗಳ ನೆನಪಾದೀತು. ಗೋತ್ವವೆಂಬುದು ಜಾತಿ, ಕೊಟ್ಟಿಗೆಯ ಗೌರಿ ವ್ಯಕ್ತಿ. ಹಾಲು ಕರೆಯುವುದು ಗೌರಿಯಿಂದಲೇ ಹೊರತು ಗೋತ್ವದಿಂದಲ್ಲ!

ಮಕ್ಕಳು ಜೋವಿನೊಡನೆ ಬಹು ಬೇಗ ಸಲಿಗೆ ಬೆಳೆಸಿದರು. ಹನ್ನೆರಡು ವರ್ಷದ ಬಾಲಕಿಯೊಬ್ಬಳು ಚಿತ್ರ ಬಿಡಿಸುವ ಸಾಧನವನ್ನೇ ಕಟ್ಟಿದಳು. ಗೆದ್ದೆವೆಂದು ಗುರುಗಳು ಹಿಗ್ಗಿದರು.

ಅನಂತರ ಪ್ರೋಗ್ರಾಮಿಂಗ್ ಅರಿಯದ ವಯಸ್ಕರ ಸರದಿ ಬಂದಿತು. ಆರಂಭದಲ್ಲಿ ಅವರು ಮಕ್ಕಳನ್ನೂ ಮೀರಿಸಿದರು. ಹೆಸರು-ವಿಳಾಸಗಳ ಚೀಟಿಗಳನ್ನು ಜೋಡಿಸಿಡುವ ಪುಟ್ಟ ಕಡತವೊಂದನ್ನು ಸ್ವಂತವಾಗಿ ಕಟ್ಟಹೊರಟಾಗ ಮಾತ್ರ ಒಬ್ಬರಿಗೂ ದಾರಿ ತೋಚಲಿಲ್ಲ. ಕೇ ಬೆರಗಾದರು. ಆ ಕಡತವನ್ನು ತಾವೇ ಬರೆದು, ಅದರಲ್ಲಿ ಮೇಲುನೋಟಕ್ಕೆ ಕಾಣದ ಹೊಳಹುಗಳೆಷ್ಟೆಂದು ಎಣಿಸಿದರು. ಹದಿನೇಳು ಸಿಕ್ಕಿದುವು! ಕಟ್ಟಡದ ಕಮಾನಿನಂತೆ, ಒಮ್ಮೆ ಕಂಡವನಿಗೆ ಸುಲಭ, ಕಾಣದವನಿಗೆ ಹೊಳೆಯುವುದೇ ದುರ್ಲಭ ಎಂಬಂಥವು ಅವುಗಳಲ್ಲಿ ಕೆಲವು. ಮೊದಲ ಗೆಲುವನ್ನೇ ಕಲಿಕೆಯೆಂದು ಭ್ರಮಿಸಿದ್ದೆವೆಂದು ಕೇ ತಮ್ಮ 1993ರ ಲೇಖನದಲ್ಲಿ ಸಂಕೋಚವಿಲ್ಲದೆ ಒಪ್ಪಿಕೊಂಡರು.

ಗುರುವಾದವನು ತನ್ನ ಸೋಲನ್ನು ಹೀಗೆ ಎಣಿಸಿ ಹೇಳುವುದು ಅಪರೂಪ. ಡಾಲ್, ನ್ಯುಗಾರ್ಡ್‌ರಿಗೆ 2001ರ ಟ್ಯೂರಿಂಗ್ ಪ್ರಶಸ್ತಿಯೂ ಕೇ ಅವರಿಗೆ 2003ರದೂ ಸಂದುವು. ಹೊಸಬರಿಗೆ ಆ ಪ್ರಶಸ್ತಿಗಳಿಗಿಂತ ಈ ಹದಿನೇಳರ ಲೆಕ್ಕವೇ ಹೆಚ್ಚು ಧೈರ್ಯ ತರಬಲ್ಲುದು. ಸಂಧಿ-ಸಮಾಸಗಳನ್ನು ಬಲ್ಲವರೆಲ್ಲ ಕಾವ್ಯ ಬರೆಯಲಾರರು. ಹಾಗೆಂದು ಅವರು ದಡ್ಡರಲ್ಲ. ಪದವನ್ನು ಅರಿಯುವುದು ಒಂದು ಹೆಜ್ಜೆ, ಪದಗಳಿಂದ ಕಟ್ಟುವುದು ಮತ್ತೊಂದು. ಅವೆರಡರ ನಡುವಿನ ದಾರಿಯನ್ನು ಇತರರ ಒಳ್ಳೆಯ ಕಟ್ಟಡಗಳನ್ನು ನೋಡುತ್ತ, ತನ್ನ ಪುಟ್ಟ ಗುಡಿಸಲನ್ನು ಹತ್ತು ಸಲ ಕೆಡವಿ ಕಟ್ಟುತ್ತ ನಡೆಯಬೇಕು. ದಾರಿ ಉದ್ದವೆಂದು ಮೊದಲೇ ತಿಳಿದವನು ನಡುವೆ ಕುಳಿತು ಅಳುವುದಿಲ್ಲ.