ಕ್ಷಮೆ ಕೇಳಿದ್ದಾಯಿತು, ಇನ್ನು ಭೂಮಿಯ ಮಾತಾಡೋಣ
ಟೊರೊಂಟೊ, ಮಿಸಿಸಾಗಾ, ಬ್ರಾಂಪ್ಟನ್ ಕಡೆಯ ಕನ್ನಡ ಕ್ರೈಸ್ತ ಬಂಧುಗಳಲ್ಲಿ ವಿನಂತಿ



ಭಾನುವಾರ ನಾವು ಆರಾಧನೆಗೆ ಸೇರುವ ನೆಲ ಯಾರದು? ನಮ್ಮ ಸಭೆಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಈಗಲಾದರೂ ಕೇಳೋಣ.

1787ರಲ್ಲಿ ಬ್ರಿಟಿಷ್ ಅಧಿಕಾರಿಗಳು ಟೊರೊಂಟೊ ಸುತ್ತಲಿನ ಭೂಮಿಯನ್ನು ಮಿಸಿಸಾಗಾ ಮೂಲನಿವಾಸಿಗಳಿಂದ ಕೊಂಡೆವು ಎಂದರು. ಆಮೇಲೆ ಕ್ರಯಪತ್ರ ತೆಗೆದು ನೋಡಿದರೆ ಅದು ಖಾಲಿ ಹಾಳೆ. ಎಷ್ಟು ಭೂಮಿ, ಚಕ್ಕುಬಂದಿ ಯಾವುದು, ಒಂದೂ ಬರೆದಿರಲಿಲ್ಲ. ಮುಖಂಡರ ಕುಲಚಿಹ್ನೆಗಳಿದ್ದ ಬೇರೆ ಚೀಟಿಗಳನ್ನು ಅದಕ್ಕೆ ಅಂಟಿಸಲಾಗಿತ್ತು. ಬಿಳಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಹೊಡೆದುಕೊಂಡವರ ಸುದ್ದಿಯನ್ನು ಊರಿನಲ್ಲಿ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1805ರಲ್ಲಿ ಪತ್ರ ಸರಿಪಡಿಸುತ್ತೇವೆಂದು 2,50,830 ಎಕರೆ ಬರೆಸಿಕೊಂಡರು. ಕೊಟ್ಟ ಹಣ ಹತ್ತು ಶಿಲಿಂಗ್! ಕೆನಡಾ ಸರ್ಕಾರ 14.5 ಕೋಟಿ ಡಾಲರ್ ಪರಿಹಾರ ಕೊಟ್ಟು ಈ ತಕರಾರು ಮುಗಿಸಿದ್ದು 2010ರಲ್ಲಿ.

ಅದು ಸರ್ಕಾರದ ವ್ಯವಹಾರ, ಚರ್ಚಿಗೂ ಅದಕ್ಕೂ ಏನು ಸಂಬಂಧ ಎನ್ನಬೇಡಿ. ಕ್ರೈಸ್ತರಲ್ಲದವರ ನಾಡುಗಳನ್ನು ಕ್ರೈಸ್ತ ದೊರೆಗಳು ವಶಪಡಿಸಿಕೊಳ್ಳಬಹುದೆಂದು 1493ರಲ್ಲಿ ಆಜ್ಞಾಪತ್ರ ಕೊಟ್ಟವರು ಪೋಪ್ ಆರನೆಯ ಅಲೆಕ್ಸಾಂಡರ್. ಇಲ್ಲಿ, ಅಂದಿನ ಅಪ್ಪರ್ ಕೆನಡಾದಲ್ಲಿ, ಸರ್ಕಾರಿ ಭೂಮಿಯ ಏಳನೇ ಒಂದು ಪಾಲನ್ನು ಪ್ರೊಟೆಸ್ಟೆಂಟ್ ಪಾದ್ರಿಗಳ ನಿರ್ವಹಣೆಗೆಂದು ಮೀಸಲಿಟ್ಟದ್ದು 1791ರ ಕಾನೂನು. ಇನ್ನೂ ನೋವಿನ ಸಂಗತಿ ಇದೆ. ಕ್ರೆಡಿಟ್ ನದಿಯ ದಡದ ಮಿಸಿಸಾಗಾ ಜನ 1820ರ ದಶಕದಲ್ಲಿ ಮೆಥಡಿಸ್ಟ್ ಕ್ರೈಸ್ತರಾದರು. ಮನೆ ಕಟ್ಟಿದರು, ಚರ್ಚು ಕಟ್ಟಿದರು, ಹೊಲ ಉತ್ತರು. ಇದ್ದ ತುಂಡು ನೆಲಕ್ಕೆ ಹಕ್ಕುಪತ್ರ ಕೊಡಿ ಎಂದು ಮತ್ತೆ ಮತ್ತೆ ಬೇಡಿದರು. ಸಿಗಲಿಲ್ಲ. 1847ರಲ್ಲಿ ಊರು ಬಿಟ್ಟರು. ಅವರಿಗೆ ಜಾಗ ಕೊಟ್ಟವರು ಗ್ರ್ಯಾಂಡ್ ನದಿಯ ಸಿಕ್ಸ್ ನೇಷನ್ಸ್ ಎಂಬ ಇನ್ನೊಂದು ಮೂಲನಿವಾಸಿ ಸಮುದಾಯ.

ವಸತಿ ಶಾಲೆಗಳ ವಿಷಯ ನಿಮಗೆ ಗೊತ್ತಿದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಅವುಗಳಲ್ಲಿ ಇರಿಸಿದ್ದರು. ಅವುಗಳಲ್ಲಿ ಹೆಚ್ಚಿನವನ್ನು ನಡೆಸಿದ್ದು ಚರ್ಚುಗಳು. ಬ್ರಾಂಟ್‌ಫರ್ಡ್‌ನ ಮೊಹಾಕ್ ಇನ್‌ಸ್ಟಿಟ್ಯೂಟ್ ಆಂಗ್ಲಿಕನ್ನರ ಶಾಲೆ, 1970ರವರೆಗೂ ನಡೆಯಿತು. ತೋಟದಲ್ಲಿ ಸೇಬು ತೊನೆಯುತ್ತಿದ್ದರೂ ಮಕ್ಕಳ ತಟ್ಟೆಗೆ ಬಿದ್ದದ್ದು ಓಟ್ಸ್ ಗಂಜಿ. ಆ ಕಟ್ಟಡದ ಹಿಂಗೋಡೆಯ ಇಟ್ಟಿಗೆಗಳಲ್ಲಿ ಮಕ್ಕಳು ಗೀಚಿದ ಹೆಸರುಗಳು ಇವತ್ತಿಗೂ ಇವೆ. ನಿಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ, ಕೈಯಿಟ್ಟು ಮುಟ್ಟಿ ನೋಡಿ.

ಚರ್ಚುಗಳು ಕ್ಷಮೆ ಕೇಳಿವೆ, ನಿಜ. ಯುನೈಟೆಡ್ ಚರ್ಚ್ 1986ರಲ್ಲಿ, ಆಂಗ್ಲಿಕನ್ ಚರ್ಚ್ 1993ರಲ್ಲಿ, ಪೋಪ್ ಫ್ರಾನ್ಸಿಸ್ 2022ರಲ್ಲಿ. ಕ್ರೈಸ್ತರಲ್ಲದವರ ನಾಡುಗಳನ್ನು ವಶಪಡಿಸಿಕೊಳ್ಳಬಹುದೆಂಬ ಆ ಹಳೆಯ ಸಿದ್ಧಾಂತವನ್ನೂ ಮರುವರ್ಷ ವ್ಯಾಟಿಕನ್ ತಿರಸ್ಕರಿಸಿತು. ಆದರೆ ಸಡ್‌ಬರಿಯಲ್ಲಿ ಯುನೈಟೆಡ್ ಚರ್ಚಿನ ಕ್ಷಮೆಯ ನೆನಪಿಗೆ ಪೇರಿಸಿದ ಕಲ್ಲಿನ ಗುಡ್ಡೆಯನ್ನು ಬೇಕೆಂದೇ ಅರ್ಧಕ್ಕೆ ಬಿಟ್ಟಿದ್ದಾರೆ. ಮೂಲನಿವಾಸಿ ಹಿರಿಯರು ಕ್ಷಮಾಪಣೆಯನ್ನು ಕೇಳಿಸಿಕೊಂಡರು, ಒಪ್ಪಿಕೊಂಡೆವು ಎನ್ನಲಿಲ್ಲ. ನಡತೆ ನೋಡಿ ಹೇಳುತ್ತೇವೆ ಎಂಬುದು ಅವರ ನಿಲುವು. ಅದು ನ್ಯಾಯವಾದ ನಿಲುವು. ಜಕ್ಕಾಯನು ಯೇಸುವಿನ ಮುಂದೆ ಅತ್ತು ಸುಮ್ಮನಾಗಲಿಲ್ಲ, ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ. ನಾಬೋತನ ದ್ರಾಕ್ಷೆತೋಟದಲ್ಲಿ ನಿಂತು ಅಹಾಬನಿಗೆ ಛೀಮಾರಿ ಹಾಕಿದರೆ ಸಾಲದು, ತೋಟ ವಾರಸುದಾರರಿಗೆ ಸೇರಬೇಕು.

ಇದು ಆಗದ ಮಾತಲ್ಲ. 2017ರಲ್ಲಿ ಜೆಸ್ವಿಟರು ಅಮೆರಿಕದ ದಕ್ಷಿಣ ಡಕೋಟಾದಲ್ಲಿ 500 ಎಕರೆಗೂ ಹೆಚ್ಚು ಭೂಮಿಯನ್ನು ರೋಸ್‌ಬಡ್ ಸೂ ಜನರಿಗೆ ಮರಳಿಸಿದರು. 2019ರಲ್ಲಿ ಯುನೈಟೆಡ್ ಮೆಥಡಿಸ್ಟರು ಓಹಾಯೋದ ಹಳೆಯ ಮಿಷನ್ ಚರ್ಚನ್ನೂ ಸ್ಮಶಾನವನ್ನೂ ವಯಾಂಡಾಟ್ ಜನರ ಹೆಸರಿಗೆ ಮಾಡಿಕೊಟ್ಟರು.

ನಾವು ಮೊನ್ನೆ ಮೊನ್ನೆ ಬಂದವರು, ಕಿತ್ತುಕೊಂಡವರು ನಾವಲ್ಲ ಎನ್ನುತ್ತೀರಿ. ಹೌದು. ಆದರೆ ನಮ್ಮಲ್ಲಿ ಹಲವರು ಸಾಲ ಮಾಡಿ ಕೊಂಡ ಮನೆಯ ಪತ್ರದ ಬೇರು ಆ ಖಾಲಿ ಹಾಳೆಯಲ್ಲೇ ಇದೆ. ನಾವು ಬಾಡಿಗೆಗೆ ಹಿಡಿದ ಚರ್ಚ್ ಹಾಲ್ ನಿಂತಿರುವುದೂ ಮೂಲನಿವಾಸಿಗಳ ನೆಲದ ಮೇಲೆಯೇ. ಲಾಭದಲ್ಲಿ ಪಾಲು ಪಡೆದವರು ಋಣದಲ್ಲೂ ಪಾಲು ಹೊರಬೇಕು.

ಆದ್ದರಿಂದ ಮುಂದಿನ ಸಭಾ ಕಮಿಟಿಯಲ್ಲಿ ಎದ್ದು ನಿಂತು ಕೇಳಿ: ಈ ಚರ್ಚಿನ ಜಾಗ ಯಾವ ಒಪ್ಪಂದದಡಿ ಬಂತು? ಚರ್ಚು ಮುಚ್ಚಿ ಜಾಗ ಮಾರುವ ಮಾತು ಬಂದರೆ, ಅಪಾರ್ಟ್‌ಮೆಂಟ್ ಕಟ್ಟುವವರನ್ನು ಕರೆಯುವ ಮೊದಲು ಆ ನೆಲದ ಮೂಲನಿವಾಸಿ ಸಮುದಾಯವನ್ನು ಕೇಳಬೇಕೆಂದು ನಿರ್ಣಯ ಮಾಡಿಸಿ. ಸುಗ್ಗಿಹಬ್ಬದ ಕಾಣಿಕೆಯಲ್ಲಿ ಒಂದು ಭಾಗವನ್ನು ಪ್ರತಿವರ್ಷ ಅವರಿಗೆ ಕಳಿಸಿ. ಅದನ್ನು ದಾನವೆನ್ನಬೇಡಿ, ಗೇಣಿ ಎಂದೇ ಲೆಕ್ಕ ಬರೆಯಿರಿ.

ಸೆಪ್ಟೆಂಬರ್ 30 ಸತ್ಯ ಮತ್ತು ಸಮನ್ವಯದ ರಾಷ್ಟ್ರೀಯ ದಿನ. ಅಂದು ವಸತಿ ಶಾಲೆಗಳ ಮಕ್ಕಳ ನೆನಪಿಗೆ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಮನೆಮಂದಿಯೆಲ್ಲ ಬ್ರಾಂಟ್‌ಫರ್ಡ್‌ಗೆ ಹೊರಡಿ. ಹೋಗುವ ಮೊದಲು ನಿಮ್ಮ ಪಾಸ್ಟರ್ ಅವರನ್ನೂ ಕಾರಿಗೆ ಹತ್ತಿಸಿಕೊಳ್ಳಿ.

ಇಂತಿ,
ನಿಮ್ಮ ಜೊತೆಯಲ್ಲೇ ಆರಾಧಿಸುವ ಕೆಲವು ಕನ್ನಡ ಕ್ರೈಸ್ತರು